ಅತ್ತೆ ಉಣ್ಣುವ ತನಕ

ನನ್ನ ಹೆಂಡತಿ ನೀಲಾಂಬಿಕೆ ಲಿಂಗೈಕ್ಯಳಾಗಿ ಇಂದಿಗೆ ನಲವತ್ತೊಂದು ದಿನ. ಮಠದ ಅಯ್ಯನವರು ಬೆಳಿಗ್ಗೆ ಬಂದು ಸಮಾಧಿಗೆ ಪೂಜೆ ಮಾಡಿಸಿ, “ಡಾಕ್ಟರ, ಇನ್ನ ಮನಸ್ಸು ಹಗುರ ಮಾಡಿಕೊಳ್ರಿ” ಎಂದು ಹೇಳಿ ಹೋದರು. ಹಗುರ ಮಾಡಿಕೊಳ್ಳುವ ಬಗೆ ನನಗೆ ತಿಳಿಯದು. ನಾನು ನಲವತ್ತು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು. ನಿವೃತ್ತಿಯ ಬಳಿಕವೂ ಕಾಲೇಜಿನವರು ನನ್ನನ್ನು ಬಿಡಲಿಲ್ಲ, ನಾನೂ ಕಾಲೇಜನ್ನು ಬಿಡಲಿಲ್ಲ. ರೋಗಿಗೆ ಏನಾಯಿತು, ಯಾವಾಗ ಆಯಿತು, ನಾವು ಏನು ಮಾಡಿದೆವು ಎಂದು ಕ್ರಮವಾಗಿ ಬರೆಯುವುದನ್ನು ಹುಡುಗರಿಗೆ ಕಲಿಸಿದ್ದೇನೆ. ಇದನ್ನೂ ಹಾಗೆಯೇ ಬರೆಯುತ್ತೇನೆ.

ನಮ್ಮ ಊರಿನಲ್ಲಿ ಮರೆವು ಹಿಡಿದ ಹಿರಿಯರು ನಿಮ್ಮನ್ನು ನೋಡಿ ಬೇರೊಬ್ಬರೆಂದು ತಿಳಿದು ಕರೆದರೆ, ಸಂಜೆ ದೀಪ ಹಚ್ಚುವವರೆಗೆ ನಿಮಗೆ ಆ ಬೇರೊಬ್ಬರ ಮುಖ ಬರುತ್ತದೆ. ಮುಖ, ಕೈ, ದನಿ ಅವರವು. ಉಟ್ಟ ಬಟ್ಟೆ ಮತ್ತು ಮನಸ್ಸು ನಿಮ್ಮವು. ಊರಿನವರು ಇದಕ್ಕೆ ಹೊಂದಿಕೊಂಡಿದ್ದಾರೆ. ಬ್ಯಾಂಕಿನಲ್ಲಿ “ಬೇರೆಯವರ ಮುಖದಲ್ಲಿ ಬಂದವರು ದಯವಿಟ್ಟು ನಾಳೆ ಬರಬೇಕು” ಎಂಬ ಫಲಕವಿದೆ. ಕ್ಷೌರದ ಅಂಗಡಿಯ ಮಾನಪ್ಪ ಕತ್ತಿ ಮಸೆಯುವ ಮೊದಲು, “ಇದು ನಿಮ್ಮ ಸ್ವಂತ ಮಾರಿ ಏನ್ರಿ? ಯಾರ ಗಡ್ಡ ತಗೀಲಿ?” ಎಂದು ಕೇಳುತ್ತಾನೆ. ಹಾಲು ಹಾಕುವವನೊಬ್ಬ ಒಂದು ಬೇಸಿಗೆಯೆಲ್ಲ, ತನ್ನ ಗಿರಾಕಿ ಮುದುಕಿಯೊಬ್ಬಳ ಸತ್ತುಹೋದ ಸೋದರಮಾವನ ಮುಖದಲ್ಲಿ ಓಣಿ ಸುತ್ತಿದ. ಅವಳ ಮನೆಯಿಂದಲೇ ಅವನ ದಿನ ಶುರುವಾಗುತ್ತಿತ್ತು, ಏನು ಮಾಡಿಯಾನು? ಮುದುಕಿ ಅವನಿಗೆ ದಿನಾ ಒಂದು ಉಂಡಿ ಕೊಡುತ್ತಿದ್ದಳು. “ಮಾವ ಆದರೂ ಅಡ್ಡಿಲ್ಲ, ಉಂಡಿ ಚಲೋ ಇರ್ತಾವ” ಎನ್ನುತ್ತಿದ್ದ.

ನಮ್ಮ ಆಸ್ಪತ್ರೆಯ ಹಿಂಭಾಗದಲ್ಲಿ, ಅಡುಗೆಮನೆ ದಾಟಿದ ಮೇಲೆ, ಇಂಥ ಹಿರಿಯರ ವಾರ್ಡು ಇದೆ. ಹದಿನಾರು ಮಂಚ. ಕೊನೆಯ ವರ್ಷದ ವಿದ್ಯಾರ್ಥಿಗಳು ಅಲ್ಲಿ ಮೂರು ವಾರ ಕೆಲಸ ಮಾಡಬೇಕು. ಹುಡುಗರು ಅದಕ್ಕೆ ಬಣ್ಣದ ಮನೆ ಎಂದು ಹೆಸರಿಟ್ಟಿದ್ದರು. ನಾಟಕದವರು ವೇಷ ಹಾಕಿಕೊಳ್ಳುವ ಕೋಣೆಗೆ ಹಾಗೆ ಅನ್ನುತ್ತಾರೆ. ಆ ಮೂರು ವಾರ ಬಂತೆಂದರೆ ಅವರಿಗೆ ಜ್ವರ ಬರುತ್ತಿತ್ತು, ಊರಲ್ಲಿ ಅಜ್ಜಂದಿರು ಸಾಯುತ್ತಿದ್ದರು. ಒಬ್ಬನ ಅಜ್ಜ ಎರಡು ವರ್ಷದಲ್ಲಿ ಮೂರು ಸಲ ಸತ್ತ.

ವರ್ಷಕ್ಕೊಮ್ಮೆ ನಾನು ಅವರಿಗೆ ಒಂದು ಹಾಳೆ ಕೊಟ್ಟು, ಮುಂದೆ ಯಾವ ವಾರ್ಡಿನಲ್ಲಿ ಕೆಲಸ ಮಾಡಲು ಇಷ್ಟ, ಯಾವುದರಲ್ಲಿ ಇಷ್ಟವಿಲ್ಲ, ಏಕೆ ಎಂದು ಬರೆಯಿಸುತ್ತಿದ್ದೆ. ಮರೆವಿನ ವಾರ್ಡು ಇಷ್ಟ ಎಂದು ಬರೆದವರನ್ನು ನಾನು ಕಾಣೆ. “ಗುಣವಾಗುವ ರೋಗವಲ್ಲ, ಕಲಿಯಲು ಏನೂ ಇಲ್ಲ” ಎಂದು ಒಬ್ಬರು. “ಅವರ ಜೊತೆ ಏನು ಮಾತಾಡಬೇಕೋ ತಿಳಿಯುವುದಿಲ್ಲ, ಹೆದರಿಕೆಯಾಗುತ್ತದೆ” ಎಂದು ಇನ್ನೊಬ್ಬರು. ಪ್ರಭಂಜನ ಎಂಬ ಹುಡುಗ, ಬುದ್ಧಿವಂತ, ತರಗತಿಯನ್ನು ನಗಿಸುವವನು, ಹೀಗೆ ಬರೆದಿದ್ದ: “ನನಗೆ ದೇವರು ಒಂದು ಮುಖ ಕೊಟ್ಟಿದ್ದಾನೆ, ಸಾಕಾಗಿದೆ.” ನಾನು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು.

ಹೇಳಬೇಕಾದ ಮುಖ್ಯ ಸಂಗತಿ ಬೇರೆ ಇದೆ. ಹನ್ನೊಂದು ವರ್ಷದ ಹಿಂದೆ ಆ ವಾರ್ಡಿನ ಬಾಗಿಲಿಗೆ ನಾನೇ ಒಂದು ಆದೇಶ ಬರೆದು ಅಂಟಿಸಿದ್ದೆ. ಒಳಗೆ ಹೋಗುವವರು ಕಣ್ಣು ಬಿಟ್ಟು ಉಳಿದ ಮುಖವನ್ನೆಲ್ಲ ಬಿಳಿ ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. ಕೆಲಸ ಮುಗಿದೊಡನೆ ಮಂಚದಿಂದ ದೂರ ಸರಿಯಬೇಕು. ಮುಖ ಕಾಣದಿದ್ದರೆ ಹಿರಿಯರು ಯಾರನ್ನೂ ಯಾರೆಂದೂ ತಿಳಿಯಲಾರರು. ಹುಡುಗರಿಗೆ ಬೇರೆ ಮುಖ ಬರುವ ಕಾಟ ತಪ್ಪುತ್ತದೆ. ಶುಚಿತ್ವದ ದೃಷ್ಟಿಯಿಂದ ಎಂದು ಕಾರಣ ಬರೆದೆ. ಅದು ಸುಳ್ಳು. ಆ ವರ್ಷ ವಿದ್ಯಾರ್ಥಿಗಳು ನನಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಅದಕ್ಕೂ ಮೊದಲು ಆ ವಾರ್ಡಿನಲ್ಲಿ ಜಗಳ, ನಗು, ಅಳು, ಹಾಡು ಎಲ್ಲ ಕೇಳಿಸುತ್ತಿತ್ತು. ಆಮೇಲೆ ನಿಶ್ಶಬ್ದವಾಯಿತು. ರೋಗಿಗಳು ಶಾಂತರಾಗಿದ್ದಾರೆ ಎಂದು ನಾನು ವರದಿ ಕಳಿಸಿದೆ. ಆ ಆದೇಶವನ್ನು ಪಾಲಿಸದವಳು ಆಯಾ ಹುಲಿಗೆವ್ವ ಒಬ್ಬಳೇ. “ಸರ, ಹಗಲಿಗೇ ಕಳ್ಳರು ಬಂದಂಗ ಬರ್ತಾವ್ರಿ ನಿಮ್ಮ ಹುಡುಗರು. ಬಡ ಜೀವ ಹೆದರಿಕೊಂಡು ಸುಮ್ಮನ ಮಲಗ್ತಾವ. ನೀವು ಶಾಂತಿ ಅಂತೀರಿ” ಎಂದಿದ್ದಳು. ಓದು ಬರಹ ಬಾರದವಳು ಎಂದು ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನೀಲಾಂಬಿಕೆಗೆ ಮರೆವು ಶುರುವಾದದ್ದು ಎರಡು ವರ್ಷದ ಹಿಂದೆ. ಮೊದಲು ಉಪ್ಪಿನ ಡಬ್ಬಿ, ಆಮೇಲೆ ವಾರಗಳ ಹೆಸರು, ಆಮೇಲೆ ಮನೆಯ ಬಾಗಿಲು. ಒಂದು ಬೆಳಿಗ್ಗೆ ನಾನು ಲಿಂಗಪೂಜೆ ಮುಗಿಸಿ ದೇವರ ಕೋಣೆಯಿಂದ ಹೊರಗೆ ಬಂದೆ. ಎದುರಿಗೆ ಬಂದ ಅವಳು ನನ್ನನ್ನು ಕಂಡು ಥಟ್ಟನೆ ಸೆರಗು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಸರಿದು ನಿಂತಳು. “ಅತ್ತ್ಯಾರ” ಎಂದಳು. ಕನ್ನಡಿಯಲ್ಲಿ ನೋಡಿಕೊಂಡರೆ ನನ್ನ ತಾಯಿ ಬಾಳವ್ವ. ಅವಳು ತೀರಿಕೊಂಡು ಇಪ್ಪತ್ತೈದು ವರ್ಷವಾಗಿತ್ತು. ನಿಜ ಹೇಳುತ್ತೇನೆ, ನನಗೆ ಮೊದಲು ಸಂತೋಷವಾಯಿತು. ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು ತಾಯಿಯ ಮುಖವನ್ನು ಸವರಿಕೊಂಡೆ. ಹಿಂದೆ ತಿರುಗಿ ನೋಡಿದಾಗ ಹೆಂಡತಿ ಗೋಡೆಗೆ ಹತ್ತಿ ಹಾಗೆಯೇ ನಿಂತಿದ್ದಳು. ಕೂರು ಎಂದರೆ ಕೂರಲಿಲ್ಲ. ಹಿರಿಯರ ಬಗ್ಗೆ ಎಂಥ ಗೌರವ ಎಂದುಕೊಂಡೆ. ಸಂಜೆ ದೀಪ ಹಚ್ಚುವ ತನಕ ನಿಂತೇ ಇದ್ದಳು. ಅವಳ ಕಾಲು ಬಾತಿದ್ದವು.

ಅಂದಿನಿಂದ ಅವಳು ನನ್ನನ್ನು ಒಮ್ಮೆಯೂ ಗಂಡನೆಂದು ಗುರುತಿಸಲಿಲ್ಲ. ನೋಡಿದಾಗಲೆಲ್ಲ ಅತ್ತೆ. ಬೆಳಿಗ್ಗೆ ಅವಳ ಕಣ್ಣಿಗೆ ಬಿದ್ದರೆ ಆ ದಿನ ನಾನು ಕಾಲೇಜಿಗೆ ಹೋಗುವಂತಿರಲಿಲ್ಲ. ಪ್ಯಾಂಟು ಕೋಟು ತೊಟ್ಟ ಮುದುಕಿಯಾಗಿ ಹುಡುಗರ ಮುಂದೆ ನಿಲ್ಲುವುದು ಹೇಗೆ? ಹಾಗಾಗಿ ಮನೆಯಲ್ಲೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡೆ. ಬಟ್ಟೆ ಕಟ್ಟಿಕೊಂಡ ನನ್ನನ್ನು ಅವಳು ಯಾರೂ ಅಲ್ಲವೆಂಬಂತೆ ನೋಡುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಅವಳನ್ನು ನಮ್ಮದೇ ವಾರ್ಡಿಗೆ ಸೇರಿಸಿದೆ. ನಮಗೆ ಮಕ್ಕಳಿಲ್ಲ, ಮನೆಯಲ್ಲಿ ನೋಡುವವರಿಲ್ಲ ಎಂದು ಕೇಳಿದವರಿಗೆ ಹೇಳಿದೆ. ಯಾರೂ ತಪ್ಪು ಎನ್ನಲಿಲ್ಲ.

ವಾರ್ಡಿಗೆ ಹೋದ ಎರಡನೆಯ ತಿಂಗಳಲ್ಲಿ ಅವಳು ಊಟ ಬಿಟ್ಟಳು. ಬಿಳಿ ಬಟ್ಟೆ ಕಟ್ಟಿಕೊಂಡ ಹುಡುಗರು ಚಮಚ ಹಿಡಿದು ಹೋದರೆ ತುಟಿ ಬಿಗಿಹಿಡಿದು ಮುಖ ತಿರುಗಿಸುತ್ತಿದ್ದಳು. ಬೆಳಿಗ್ಗೆಯ ಹಾಲು ಕುಡಿಯುತ್ತಿದ್ದಳು, ಮಧ್ಯಾಹ್ನದ ತಟ್ಟೆ ಬಂದ ಮೇಲೆ ಏನನ್ನೂ ಮುಟ್ಟುತ್ತಿರಲಿಲ್ಲ. “ರೋಗಿ ಸಹಕರಿಸುತ್ತಿಲ್ಲ” ಎಂದು ಹುಡುಗರು ಹಾಳೆಯಲ್ಲಿ ಬರೆದರು. ನಾನು ಕೆಳಗೆ ಸಹಿ ಮಾಡಿದೆ. ಹೊಟ್ಟೆಯಲ್ಲಿ ತೊಂದರೆ ಇದೆಯೇ, ಗಂಟಲಲ್ಲಿ ಇದೆಯೇ ಎಂದು ಎಲ್ಲ ಪರೀಕ್ಷೆ ಮಾಡಿಸಿದೆ. ಏನೂ ಇರಲಿಲ್ಲ.

ಆಗ ವಾರ್ಡಿನಲ್ಲಿದ್ದ ವಿದ್ಯಾರ್ಥಿಗಳ ತಂಡದಲ್ಲಿ ಪ್ರಭಂಜನನ ಜೊತೆ ತಸ್ಲೀಮಾ ಎಂಬ ಹುಡುಗಿ ಇದ್ದಳು. ಮಾತು ಕಡಿಮೆ, ಅಂಕಗಳೂ ಅಷ್ಟಕ್ಕಷ್ಟೇ. ಒಂದು ದಿನ ಮಧ್ಯಾಹ್ನ ನನ್ನ ಕೋಣೆಯ ಬಾಗಿಲು ತಟ್ಟಿ ಒಳಗೆ ಬಂದವಳನ್ನು ನೋಡಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ವಿದ್ಯಾರ್ಥಿನಿಯ ಬಿಳಿ ಕೋಟು, ಮುಖ ಮಾತ್ರ ನೀಲಾಂಬಿಕೆಯ ತಂಗಿ ಕಾಶವ್ವನದು. ಕಾಶವ್ವ ಮೂವತ್ತು ತುಂಬುವ ಮೊದಲೇ ತೀರಿಕೊಂಡವಳು. ಅದೇ ಉಬ್ಬು ಕೆನ್ನೆ, ಅದೇ ಅಗಲ ಹಣೆ.

“ಸರ್, ನಾನ್ರಿ, ತಸ್ಲೀಮಾ.”

“ಬಟ್ಟಿ ಯಾಕ ತಗದಿ?” ಎಂದೆ.

“ನಾನs ತಗದೇನ್ರಿ. ಬಟ್ಟಿ ಕಟ್ಟಿಕೊಂಡು ಒಂಬತ್ತು ದಿನ ಕರದ್ರೂ ಅವ್ವಾರು ಬಾಯಿ ತಗೀಲಿಲ್ರಿ. ಮಾರಿ ಕಂಡ್ರ ಏನರ ಮಾತಾಡಬಹುದು ಅನಿಸ್ತು. ನೋಡಿದವರs ‘ಕಾಶೀ, ಯಾವಾಗ ಬಂದಿ’ ಅಂದ್ರು.”

“ಆದೇಶ ಬಾಗಿಲಮ್ಯಾಲ ಅಂಟಿಸೇತಿ. ಓದಾಕ ಬರ್ತದಲ್ಲ ನಿನಗ?”

“ಬರ್ತದ್ರಿ.” ಅವಳು ತಲೆ ತಗ್ಗಿಸಲಿಲ್ಲ. “ಅವ್ವಾರಿಗೆ ಹಸಿವು ಐತ್ರಿ ಸರ್. ಹೊಟ್ಟಿ ಸುಡಾಕತ್ತೇತಿ ಅಂತ ನನ್ನ ಕೈ ಹಿಡಕೊಂಡು ಅತ್ರು. ಯಾಕ ಉಣವಲ್ಲಿ ಅಕ್ಕಾ ಅಂದ್ರ, ‘ಅತ್ತಿ ಇನ್ನೂ ಉಂಡಿಲ್ಲ ಕಾಶೀ, ಅತ್ತಿ ಉಣ್ಣದ ನಾ ಹೆಂಗ ಉಣ್ಣಲಿ’ ಅಂತಾರ್ರಿ.”

ತಸ್ಲೀಮಾ ಮುಂದುವರಿಸಿದಳು. ಅತ್ತೆಗೆ ಸಿಟ್ಟು ಬಂದ ದಿನ ಅವರು ಜಪಕ್ಕೆ ಕುಳಿತರೆ ಮೂರು ಗಂಟೆಯಾದರೂ ಏಳುತ್ತಿರಲಿಲ್ಲವಂತೆ. ತಟ್ಟೆಯ ಮುಂದೆ ಕುಳಿತ ಮೇಲೂ ಮುಗಿಸಲು ಒಂದು ತಾಸು. ಅಲ್ಲಿಯ ತನಕ ಸೊಸೆ ನಿಂತಿರಬೇಕು. ಒಂದು ತುತ್ತು ಬಾಯಿಗೆ ಹಾಕುವಂತಿಲ್ಲ.

“ಇನ್ನೂ ಒಂದು ಮಾತು ಹೇಳಿದ್ರು. ಅದು ತಂಗಿಗೆ ಹೇಳಿದ್ದು. ನಿಮಗ ಹೇಳೂದಿಲ್ರಿ” ಎಂದಳು.

ನಾನು ಅದನ್ನು ಕೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

“ಸರ್, ಅವರ ಅತ್ತಿ ಬಂದು ಉಂಡ್ರ ಅವ್ವಾರೂ ಉಣ್ತಾರ್ರಿ. ಯಾರನ್ನ ನೋಡಿದ್ರ ಅತ್ತಿ ಅಂತಾರ ಅಂತ ಹುಲಿಗೆವ್ವನ್ನ ಕೇಳಿದೆ. ನಿಮ್ಮನ್ನ, ಸೇರಿಸಿದ ದಿನಾನs ನೋಡೇನಿ ಅಂತ ಹೇಳಿದ್ಳು.”

“ನೀ ಹೋಗು” ಎಂದೆ.

“ನಾಳೆ ಮಧ್ಯಾಹ್ನ ಬರ್ತೀರೇನ್ರಿ?”

“ಹೋಗು ಅಂದೆ.”

ನಾನು ಹೋಗಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಕಾರಣಗಳನ್ನು ಬಹಳ ಹುಡುಕಿದೆ. ಕೊನೆಗೆ ಉಳಿದದ್ದು ಒಂದೇ. ಹನ್ನೊಂದು ವರ್ಷ ಹುಡುಗರಿಗೆ ಮುಖ ಮುಚ್ಚಿಕೊಳ್ಳಿ ಎಂದು ಕಲಿಸಿದವನು, ಅದೇ ಹುಡುಗರ ಎದುರಿಗೆ, ಹಲ್ಲಿಲ್ಲದ ಮುದುಕಿಯ ಮುಖದಲ್ಲಿ ನೆಲದ ಮೇಲೆ ಕುಳಿತು ಉಣ್ಣಬೇಕು. ಪ್ರಭಂಜನ ಅದನ್ನು ಹಾಸ್ಟೆಲಿನಲ್ಲಿ ಅಭಿನಯಿಸಿ ತೋರಿಸುತ್ತಾನೆ ಎಂದು ನನಗೆ ಖಚಿತವಿತ್ತು. ನನ್ನ ಹೆಂಡತಿಯ ಹಸಿವಿಗಿಂತ ನನಗೆ ಆ ನಗುವಿನ ಹೆದರಿಕೆಯೇ ದೊಡ್ಡದಾಯಿತು.

ತಪ್ಪಿಸಿಕೊಳ್ಳುವ ದಾರಿಯನ್ನೂ ಹುಡುಕಿದೆ. ತಸ್ಲೀಮಾಳನ್ನು ಕರೆಸಿ, “ಕಾಶಿಯಾಗಿ ಹೋಗು. ಅತ್ತಿ ಉಂಡ್ರು ಅಂತ ಹೇಳು” ಎಂದೆ. ಅವಳು ಹೋಗಿ ಹೇಳಿದಳು. ನಾನು ಬಾಗಿಲ ಮರೆಯಲ್ಲಿ ಬಟ್ಟೆ ಕಟ್ಟಿಕೊಂಡು ನಿಂತಿದ್ದೆ.

“ಅಕ್ಕಾ, ಅತ್ತ್ಯಾರು ಉಂಡ್ರು. ಈಗ ನೀ ಉಣ್ಣು.”

ನೀಲಾಂಬಿಕೆ ಅವಳ ಗಲ್ಲ ಮುಟ್ಟಿದಳು. “ಸಣ್ಣಾಕಿದ್ದಾಗಿಂದ ನಿನಗ ಸುಳ್ಳು ಹೇಳಾಕ ಬರೂದಿಲ್ಲ ಕಾಶೀ. ತಾಟು ತೊಳದ ಸಪ್ಪಳ ಆತೇನು? ಅವರು ಉಂಡ್ರ ತಾಟು ನಾನs ತೊಳೀಬೇಕಲ್ಲ.”

ತಸ್ಲೀಮಾ ಹೊರಗೆ ಬಂದವಳು ನನ್ನ ಎದುರಿಗೆ ನಿಂತು, “ಇನ್ನೊಮ್ಮೆ ಸುಳ್ಳು ಹೇಳ ಅನಬ್ಯಾಡ್ರಿ ಸರ್” ಎಂದಳು. ಕಾಶವ್ವ ಬದುಕಿದ್ದಾಗ ನನ್ನೆದುರು ಯಾವತ್ತೂ ತಲೆಯೆತ್ತಿ ಮಾತಾಡಿದವಳಲ್ಲ. ಅವಳ ಕಣ್ಣುಗಳನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಮೂಗಿನಿಂದ ನಳಿಕೆ ಹಾಕಿ ಗಂಜಿ ಬಿಡಲು ಆದೇಶ ಕೊಟ್ಟೆ. ನೀಲಾಂಬಿಕೆ ಅದನ್ನು ಎರಡು ಸಲ ಕಿತ್ತು ಹಾಕಿದಳು. ಕಿತ್ತಾಗ ಮೂಗಿನಿಂದ ರಕ್ತ ಬಂತು. ಹಾಗಾದರೆ ಕೈ ಕಟ್ಟಬೇಕು. ಕೈ ಕಟ್ಟಲು ವಾರ್ಡಿನ ಮುಖ್ಯ ವೈದ್ಯನ, ಎಂದರೆ ನನ್ನ, ಸಹಿ ಬೇಕು. ಮಾಡಿದೆ. ತಸ್ಲೀಮಾ ಕಟ್ಟಲು ಒಪ್ಪಲಿಲ್ಲ. ಪ್ರಭಂಜನ ಕಟ್ಟಿದ. ಕೈ ತರಚಬಾರದೆಂದು ಹಳೆಯ ಧೋತರ ಹರಿದು ಮೆತ್ತಗೆ ಸುತ್ತಿ ಕಟ್ಟಿದ. ಆಮೇಲೆ ವರಾಂಡದ ಕೊನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದ. ಅವನನ್ನು ನಾನು ಬರೀ ನಗಿಸುವವನೆಂದು ತಿಳಿದಿದ್ದೆ.

ಹೀಗೆ ಆರು ದಿನ. ಗಂಜಿ ಒಳಗೆ ಹೋಗುತ್ತಿತ್ತು, ಮೈಗೆ ಹತ್ತುತ್ತಿರಲಿಲ್ಲ. ಏಳನೆಯ ದಿನ ಸೋಮವಾರ. ಸೋಮವಾರ ನಮ್ಮ ಮನೆಯಲ್ಲಿ ಜಂಗಮರಿಗೆ ಊಟ. ನನ್ನ ತಂದೆಯ ಕಾಲದಿಂದ ತಪ್ಪಿಸಿಲ್ಲ. ಈಗ ಅಡುಗೆಯವರನ್ನು ಕರೆಸಿ ಮಾಡಿಸುತ್ತೇನೆ. ಹನ್ನೊಂದು ಗಂಟೆಗೆ ಅವರಿಗೆ ಬಡಿಸಿ, ನಾನೂ ಪ್ರಸಾದ ಮುಗಿಸಿ ಆಸ್ಪತ್ರೆಗೆ ಬಂದೆ. ವಾರ್ಡಿನ ಹೊರಗೆ ಹುಲಿಗೆವ್ವ ಪಾತ್ರೆ ತಿಕ್ಕುತ್ತಿದ್ದಳು. ಅಂದು ಅವಳಿಗೆ ಯಾರೋ ಒಬ್ಬ ಪೈಲವಾನನ ಮುಖ ಬಂದಿತ್ತು. ಕಿವಿ ಮುರಿದಿತ್ತು, ಮೀಸೆ ದಪ್ಪಗಿತ್ತು.

“ಊಟ ಆತೇನ್ರಿ ಸರ?” ಎಂದಳು, ಗಡಸು ದನಿಯಲ್ಲಿ.

“ಆತು.”

“ದಿನಾ ಉಂಡs ಬರ್ತೀರಲ್ಲರಿ?”

“ಹೂಂ.”

“ಚಲೋ ಆತು ಬಿಡ್ರಿ” ಎಂದು ಮತ್ತೆ ಬೂದಿ ಹಚ್ಚಿ ತಿಕ್ಕತೊಡಗಿದಳು. ನನಗೆ ಒಳಗೆ ಹೋಗಲೂ ಆಗಲಿಲ್ಲ, ಹಿಂದೆ ಹೋಗಲೂ ಆಗಲಿಲ್ಲ. ಕೊರಳಲ್ಲಿ ಕಟ್ಟಿದ ಲಿಂಗದ ಭಾರ ಅಂದು ಮೊದಲ ಸಲ ನನಗೆ ಗೊತ್ತಾಯಿತು.

“ಹುಲಿಗೆವ್ವ, ಒಂದು ತಾಟಿನಾಗ ಊಟ ಹಾಕಿಸಿಕೊಂಡು ಬಾ” ಎಂದೆ.

“ಯಾರಿಗ್ರಿ?”

“ನಮ್ಮ ಅವ್ವಗ.”

ಅವಳು ಕೈ ತೊಳೆದುಕೊಂಡು ಓಡಿದಳು.

ಒಳಗೆ ಹುಡುಗರೆಲ್ಲ ಇದ್ದರು. ಅದು ಅವರು ಹಾಳೆ ತುಂಬುವ ವೇಳೆ. ನಾನು ಮುಖದ ಬಟ್ಟೆ ಕಟ್ಟಿರಲಿಲ್ಲ. ನೇರವಾಗಿ ಹೋಗಿ ಹೆಂಡತಿಯ ಮಂಚದ ಮುಂದೆ ನಿಂತೆ. ಅವಳು ಕಣ್ಣು ತೆರೆದಳು. ನನ್ನನ್ನು ಕಂಡು ಏಳಲು ಹವಣಿಸಿದಳು; ಕಟ್ಟಿದ ಕೈಗಳು ಬಿಡಲಿಲ್ಲ. ಸೆರಗು ಎಳೆದುಕೊಳ್ಳಲಾಗದೆ ತಲೆಯನ್ನಷ್ಟೇ ತಗ್ಗಿಸಿದಳು. “ಅತ್ತ್ಯಾರ” ಎಂದಳು. ನನ್ನ ಕೆನ್ನೆ ಒಳಗೆ ಹೋಯಿತು. ಹಲ್ಲುಗಳು ಇಲ್ಲವಾದವು. ಹಿಂದೆ ಒಬ್ಬ ಹುಡುಗಿ ಕಿಸಕ್ಕೆಂದಳು, ಮತ್ತೆ ಸುಮ್ಮನಾದಳು. ಇಷ್ಟೇ. ಇಷ್ಟಕ್ಕೆ ನಾನು ಅಷ್ಟು ದಿನ ಹೆದರಿದ್ದೆ.

ನೆಲದ ಮೇಲೆ ಕುಳಿತೆ. ಹುಲಿಗೆವ್ವ ತಾಟು ತಂದಿಟ್ಟಳು. ರೊಟ್ಟಿ, ಹೆಸರುಕಾಳಿನ ಪಲ್ಯ, ನುಚ್ಚು, ಮಜ್ಜಿಗೆ. ಹೊಟ್ಟೆ ತುಂಬಿದ್ದ ನಾನು, ಹಸಿದ ಹೆಂಡತಿಯ ಎದುರಿಗೆ ಮತ್ತೆ ಉಣ್ಣತೊಡಗಿದೆ. ಬೇಗ ಮುಗಿಸಬೇಕೆಂದು ಎಷ್ಟು ಯತ್ನಿಸಿದರೂ ಆಗಲಿಲ್ಲ. ತಾಯಿಯ ಒಸಡುಗಳಲ್ಲಿ ಜೋಳದ ರೊಟ್ಟಿ ಕರಗುವುದೇ ಇಲ್ಲ. ಒಂದೊಂದು ತುತ್ತಿಗೂ ನಾಲಗೆ ಅತ್ತ ಇತ್ತ ತಿರುಗಿಸಿ, ಮಜ್ಜಿಗೆ ಸುರಿದುಕೊಂಡು ನುಂಗಬೇಕು. ತಾಯಿ ಒಂದು ತಾಸು ಉಣ್ಣುತ್ತಿದ್ದದ್ದು ಎಲ್ಲವೂ ಹಟವಲ್ಲ. ಅರ್ಧ ಹಲ್ಲಿನ ಕಷ್ಟ. ಯಾರಿಗೂ ಹೇಳಿರಲಿಲ್ಲ. ಜಪಕ್ಕೆ ಕುಳಿತು ಮೂರು ಗಂಟೆ ಮಾಡುತ್ತಿದ್ದದ್ದು ಮಾತ್ರ ಹಟವೇ. ತಾಯಿಯ ಪರವಾಗಿ ಹೇಳಬಹುದಾದದ್ದು ನನಗೆ ಸಿಕ್ಕಿದ್ದು ಇಷ್ಟು. ನೀಲಾಂಬಿಕೆ ನನ್ನ ಬಾಯನ್ನು ನೋಡುತ್ತಿರಲಿಲ್ಲ, ತಾಟನ್ನೂ ನೋಡುತ್ತಿರಲಿಲ್ಲ. ನೆಲ ನೋಡುತ್ತ ಕಾಯುತ್ತಿದ್ದಳು. ಆ ಕಾಯುವಿಕೆ ಅವಳಿಗೆ ಚೆನ್ನಾಗಿ ರೂಢಿಯಾಗಿತ್ತು.

ಕೊನೆಯ ತುತ್ತು ನುಂಗಿ ಮಜ್ಜಿಗೆ ಕುಡಿದೆ. “ನನ್ನ ಊಟ ಆತು ನೀಲಾ. ಇನ್ನ ನೀ ಉಣ್ಣು” ಎಂದೆ.

ಅವಳು ತಲೆಯೆತ್ತಿದಳು. “ಇವತ್ತ ಲಗೂನ ಉಂಡ್ರಲ್ಲರಿ ಅತ್ತ್ಯಾರ!” ಎಂದಳು. ಅಷ್ಟು ಬೇಗ ಮುಗಿಯಿತೆಂದು ಆ ದನಿಯಲ್ಲಿ ಹಬ್ಬದ ಹಿಗ್ಗು ಇತ್ತು. ಪ್ರಭಂಜನ ಬಂದು ಅವಳ ಕೈ ಬಿಚ್ಚಿದ. ಬಿಚ್ಚುವಾಗ ಅವನ ಮುಖಕ್ಕೆ ಕಟ್ಟಿದ್ದ ಬಟ್ಟೆಯ ಮೇಲಂಚು ಒದ್ದೆಯಾಗಿತ್ತು. ತಸ್ಲೀಮಾ ನಳಿಕೆ ತೆಗೆದಳು. ಕೈ ಬಿಟ್ಟೊಡನೆ ನೀಲಾಂಬಿಕೆ ಮಾಡಿದ ಮೊದಲ ಕೆಲಸ ಏನು ಗೊತ್ತೇ? ನನ್ನ ಎಂಜಲ ತಾಟಿಗೆ ಕೈ ಚಾಚಿದ್ದು. “ತೊಳದ ಇಡ್ತೀನ್ರಿ, ಆಮ್ಯಾಲ ಉಣ್ತೀನಿ.” ನಾನು ತಾಟನ್ನು ಹಿಂದಕ್ಕೆ ಎಳೆದುಕೊಂಡು, ಎದ್ದು ಹೋಗಿ ನಾನೇ ತೊಳೆದು ತಂದೆ. ಅದೇ ತಾಟಿನಲ್ಲಿ ನುಚ್ಚು ಮಜ್ಜಿಗೆ ಕಲಸಿ ಅವಳ ಬಾಯಿಗೆ ಇಟ್ಟೆ. ಅತ್ತೆಯ ಕೈಯಿಂದ ಉಣ್ಣಲು ಅವಳಿಗೆ ನಾಚಿಕೆ. ಆದರೂ ಬಾಯಿ ತೆರೆದಳು. ನಾಲ್ಕು ತುತ್ತು. ಐದನೆಯದು ಹೋಗಲಿಲ್ಲ. ಹೊಟ್ಟೆ ಅಷ್ಟು ಸಣ್ಣದಾಗಿತ್ತು.

ಅಂದು ಸಂಜೆಯೇ ಬಾಗಿಲ ಮೇಲಿನ ಆದೇಶ ಕಿತ್ತು ಹಾಕಿದೆ. ಹುಡುಗರನ್ನು ಕೂಡಿಸಿ, ಅದನ್ನು ಬರೆದದ್ದು ತಪ್ಪು, ಬರೆದ ಕಾರಣವೂ ಸುಳ್ಳು ಎಂದು ಹೇಳಿದೆ. ಎಲ್ಲರೂ ಬದಲಾದರೆಂದು ನಾನು ಬರೆಯಲಾರೆ. ಕೆಲವರು ಬಟ್ಟೆ ತೆಗೆದು ಮಂಚದ ಪಕ್ಕ ಕುಳಿತರು. ಒಬ್ಬಳು ಮೊದಲ ದಿನವೇ ಅತ್ತು ಹೊರಗೆ ಓಡಿದಳು, ಮರುದಿನ ಮತ್ತೆ ಬಂದಳು. ಪ್ರಭಂಜನ ನನ್ನ ಕೋಣೆಗೆ ಬಂದು, “ಸರ್, ಖರೇ ಹೇಳ್ತೀನ್ರಿ, ನನ್ನ ಕಡಿಂದ ಈ ಕೆಲಸ ಆಗೂದಿಲ್ರಿ. ಹಿಂದಿನ ಸಾಲಿನ ಅಜ್ಜ ನನ್ನ ಅವನ ಮಗ ಅಂತಾನ. ಬೈತಾನ, ಆಮ್ಯಾಲ ಅಳ್ತಾನ. ಆ ಮಗ ಏನ ಮಾಡ್ಯಾನೋ ನನಗೇನ ಗೊತ್ರಿ? ಏನ ಹೇಳಲಿ?” ಎಂದ. ಏನು ಹೇಳಬೇಕೆಂದು ನನಗೂ ಗೊತ್ತಿರಲಿಲ್ಲ. ನಲವತ್ತು ವರ್ಷದಲ್ಲಿ ಅದನ್ನು ನಾನು ಯಾರಿಗೂ ಕಲಿಸಿರಲಿಲ್ಲ. “ಕುಂತು ಕೇಳು, ಅಷ್ಟs” ಎಂದೆ. “ಅಷ್ಟs ಭಾಳ ಆಗತೈತ್ರಿ” ಎಂದ. ಅವನು ಹೇಳಿದ್ದು ಸರಿಯಾಗಿತ್ತು.

ನಾನು ದಿನಾ ಹೋದೆ. ಮನೆಯಲ್ಲಿ ಉಣ್ಣುವುದನ್ನು ಬಿಟ್ಟೆ. ಹನ್ನೆರಡಕ್ಕೆ ಸರಿಯಾಗಿ ತಾಯಿಯ ಮುಖದಲ್ಲಿ ನೆಲಕ್ಕೆ ಕುಳಿತು ನುಚ್ಚನ್ನಷ್ಟೇ ಉಂಡು, ತಾಟು ತೊಳೆದು, ಅವಳಿಗೆ ಉಣಿಸಿದೆ. ಅವಳು ದಿನಕ್ಕೊಂದು ತುತ್ತು ಹೆಚ್ಚು ಉಂಡಳು, ಆಮೇಲೆ ದಿನಕ್ಕೊಂದು ಕಡಿಮೆ. ಹತ್ತು ದಿನ ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳು ಎಂದು ವೈದ್ಯನಾಗಿ ನನಗೆ ಗೊತ್ತು. ಬೇರೆ ಯಾರಿಗೂ ನಾನು ಅದನ್ನು ಹೇಳಿಲ್ಲ. ತಸ್ಲೀಮಾಗೆ ಹೇಳಬೇಕಾಗಿರಲಿಲ್ಲ, ಅವಳಿಗೆ ತಿಳಿದಿತ್ತು.

ಒಂದೊಂದು ದಿನ ನೀಲಾಂಬಿಕೆಯ ಕೈ ಹಿಡಿದು, “ನಂದು ತಪ್ಪಾತು ನನ್ನವ್ವ” ಎನ್ನುತ್ತಿದ್ದೆ. ಅವಳು ಗಾಬರಿಯಾಗಿ, “ಹಿರ್ಯಾರು ನೀವು, ಹಂಗ ಅನಬಾರದ್ರಿ” ಎನ್ನುತ್ತಿದ್ದಳು. ಅಲ್ಲಿಯೂ ನಾನು ತಾಯಿಯ ಹಿಂದೆ ಅಡಗಿದ್ದೆ. ತಪ್ಪನ್ನು ತಾಯಿಯ ಬಾಯಿಂದ ಒಪ್ಪಿಕೊಂಡು ಹಗುರಾಗುತ್ತಿದ್ದೆ. ಅವಳು ಒಂದೇ ಒಂದು ಸಲ ನನ್ನನ್ನು ನಾನೆಂದು ನೋಡಲಿ ಎಂದು ದಿನಾ ಬೆಳಿಗ್ಗೆ ಪೂಜೆಯಲ್ಲಿ ಬೇಡಿಕೊಂಡೆ. ಶಿವ ಅದನ್ನು ನಡೆಸಿಕೊಡಲಿಲ್ಲ. ನಡೆಸಿಕೊಡಲು ಕಾರಣವೂ ಇರಲಿಲ್ಲ.

ಅವಳು ಹೋಗುವ ಹಿಂದಿನ ದಿನ ಎರಡೇ ತುತ್ತು ಉಂಡಳು. ಮೂರು ವಾರ ಮುಗಿದರೂ ಬರುವುದನ್ನು ಬಿಡದ ತಸ್ಲೀಮಾ ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಮನಸ್ಸು ತಡೆಯದೆ ನಾನು ಕೇಳಿಬಿಟ್ಟೆ.

“ನೀಲಾ, ನೀ ಹಿಂಗ ಹಸದ ನಿಂದರ್ತಿದ್ದಿ ಅಂತ ನಿನ್ನ ಗಂಡಗ ಗೊತ್ತಿತ್ತೇನು?”

“ಅವರಿಗೆ ಹೆಂಗ ಗೊತ್ತಾಗಬೇಕ್ರಿ ಅತ್ತ್ಯಾರ. ಅವರು ಹತ್ತಕ್ಕs ಉಂಡು ಕಾಲೇಜಿಗೆ ಹೋಗಿರ್ತಾರ.”

ನನಗೆ ಗೊತ್ತಿತ್ತು. ಎಷ್ಟೋ ದಿನ ಮೂರು ಗಂಟೆಗೆ ಪುಸ್ತಕ ಒಯ್ಯಲು ಮನೆಗೆ ಬಂದಾಗ, ಅಡುಗೆಮನೆಯ ಬಾಗಿಲಲ್ಲಿ ಅವಳು ಚೌಕಟ್ಟು ಹಿಡಿದು ನಿಂತಿರುವುದನ್ನು ನೋಡಿದ್ದೇನೆ. ಒಲೆಯ ಮೇಲೆ ಮುಚ್ಚಿಟ್ಟ ಅನ್ನವನ್ನೂ ನೋಡಿದ್ದೇನೆ. ಊಟ ಆಯಿತೇ ಎಂದು ಕೇಳಿದರೆ ತಾಯಿಗೆ ಕೇಳಿಸುತ್ತದೆ, ಮನೆಯಲ್ಲಿ ಮಾತು ಬೆಳೆಯುತ್ತದೆ ಎಂದು, ಪುಸ್ತಕ ತೆಗೆದುಕೊಂಡು ಹೊರಟುಹೋಗಿದ್ದೇನೆ. ಒಂದು ದಿನವಲ್ಲ, ಹನ್ನೆರಡು ವರ್ಷ.

ನೀಲಾಂಬಿಕೆ ನನ್ನ ಕೈಯನ್ನು, ನನ್ನ ತಾಯಿಯ ಆ ಸುಕ್ಕುಗಟ್ಟಿದ ಕೈಯನ್ನು, ಮೆಲ್ಲಗೆ ಹಿಡಿದುಕೊಂಡಳು. ಅಷ್ಟು ದಿನದಲ್ಲಿ ಅವಳಾಗಿ ಅತ್ತೆಯನ್ನು ಮುಟ್ಟಿದ್ದು ಅದೇ ಮೊದಲು.

“ನೀವೂ ಹೇಳಬ್ಯಾಡ್ರಿ ಅತ್ತ್ಯಾರ. ಪಾಠ ಹೇಳೋ ಮಂದಿ, ಸುಮ್ಮನ ತಲಿ ಕೆಡಿಸಿಕೊಂತಾರ.”

ತಸ್ಲೀಮಾ ನನ್ನ ಮುಖವನ್ನು ನೋಡಿದಳು. ಅವಳಿಗೆ ಏನು ಕಂಡಿತೋ, ತಂಬಿಗೆಯನ್ನು ಕೆಳಗಿಟ್ಟು ಬೇರೆ ಕಡೆಗೆ ತಿರುಗಿಕೊಂಡಳು.

“ಹೇಳೂದಿಲ್ಲ” ಎಂದೆ.